ರಕ್ತದ ಲೆಕ್ಕ ಹಾಕಿದ ವೈದ್ಯ

ವಿಲಿಯಂ ಹಾರ್ವೆ ಹುಟ್ಟಿದ್ದು 1578ರ ಏಪ್ರಿಲ್ 1ರಂದು, ಇಂಗ್ಲೆಂಡಿನ ಫೋಕ್‌ಸ್ಟನ್ ಎಂಬ ಕಡಲತೀರದ ಊರಿನಲ್ಲಿ. ಕೇಂಬ್ರಿಜ್‌ನಲ್ಲಿ ಓದಿ, ವೈದ್ಯಕೀಯ ಕಲಿಯಲು ಇಟಲಿಯ ಪಾಡುವಾಕ್ಕೆ ಹೋದ. ಅಲ್ಲಿ ಅವನ ಗುರು ಫ್ಯಾಬ್ರಿಷಿಯಸ್. ಅಭಿಧಮನಿಗಳ ಒಳಗೆ ಪುಟ್ಟ ಕವಾಟಗಳಿವೆ ಎಂದು ವಿವರವಾಗಿ ತೋರಿಸಿದವನು ಈ ಗುರುವೇ. ಆದರೆ ಅವು ರಕ್ತದ ವೇಗ ತಗ್ಗಿಸಲು ಇವೆ ಎಂದಷ್ಟೇ ಆತ ತಿಳಿದಿದ್ದ. ಬಾವಿಗೆ ಇಳಿಬಿಟ್ಟ ಪಂಪ್‌ಸೆಟ್ ಪೈಪಿನ ಫುಟ್‌ವಾಲ್ವ್ ನೋಡಿದ ನಮಗೆ ಅದರ ಕೆಲಸ ತಕ್ಷಣ ಹೊಳೆಯುತ್ತದೆ: ಹರಿವು ಒಂದೇ ದಿಕ್ಕಿಗೆ. ಆಗ ಅದು ಹೊಳೆಯದಿರಲು ಕಾರಣವಿತ್ತು. ತಿಂದ ಆಹಾರದಿಂದ ಯಕೃತ್ತು ರಕ್ತ ತಯಾರಿಸುತ್ತದೆ, ಅಂಗಗಳು ಅದನ್ನು ಬಳಸಿ ಮುಗಿಸುತ್ತವೆ ಎಂಬ ಗ್ಯಾಲೆನ್‌ನ ಮಾತು ಸಾವಿರಕ್ಕೂ ಹೆಚ್ಚು ವರ್ಷದಿಂದ ವೇದವಾಕ್ಯವಾಗಿತ್ತು.

1602ರಲ್ಲಿ ಪದವಿ ಪಡೆದು ಲಂಡನ್ನಿಗೆ ಮರಳಿದ ಹಾರ್ವೆ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ವೈದ್ಯನಾದ, ಮುಂದೆ ರಾಜವೈದ್ಯನೂ ಆದ. ಬಿಡುವಿನಲ್ಲೆಲ್ಲ ಪ್ರಾಣಿಗಳ ಹೃದಯ ನೋಡುವುದೇ ಕೆಲಸ. ಹಾವು, ಕಪ್ಪೆಗಳ ಹೃದಯ ನಿಧಾನವಾಗಿ ಬಡಿಯುವುದರಿಂದ ಅವು ಅವನಿಗೆ ಅನುಕೂಲವಾದವು.

ನನಗೆ ತುಂಬಾ ಹಿಡಿಸಿದ್ದು ಅವನ ಗುಣಾಕಾರ. ಒಂದು ಬಡಿತಕ್ಕೆ ಹೃದಯ ಬರೀ ಅರ್ಧ ಔನ್ಸ್, ಅಂದರೆ ಸುಮಾರು 15 ಗ್ರಾಂ ರಕ್ತ ತಳ್ಳುತ್ತದೆ ಎಂದುಕೊಳ್ಳಿ. ಅರ್ಧ ಗಂಟೆಗೆ 1000 ಬಡಿತ. ಒಟ್ಟು 15 ಕೆ.ಜಿ.! ಇಡೀ ದೇಹದಲ್ಲೇ ಅಷ್ಟು ರಕ್ತವಿಲ್ಲ. ಯಾರು ಎಷ್ಟು ಉಂಡರೂ ಅರ್ಧ ಗಂಟೆಯಲ್ಲಿ ಅಷ್ಟು ತಯಾರಾಗದು. ಹಾಗಾದರೆ ಅದೇ ರಕ್ತ ಸುತ್ತಿ ಬರುತ್ತಿರಬೇಕು. (ನಿಜಕ್ಕೂ ಹೃದಯ ಒಂದು ಬಡಿತಕ್ಕೆ ತಳ್ಳುವುದು ಸುಮಾರು 70 ಮಿ.ಲೀ. ಅವನು ಬೇಕೆಂದೇ ಕಡಿಮೆ ಅಂಕಿ ಹಿಡಿದಿದ್ದ.) ತೋಳಿಗೆ ಪಟ್ಟಿ ಕಟ್ಟಿ, ಉಬ್ಬಿದ ನರವನ್ನು ಬೆರಳಿನಿಂದ ಒತ್ತಿ, ರಕ್ತ ಕೈಯ ಕಡೆಗೆ ಹಿಂದಿರುಗುವುದಿಲ್ಲ ಎಂದೂ ತೋರಿಸಿದ.

1628ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಅವನ ಪುಸ್ತಕ ಅಚ್ಚಾಯಿತು. 72 ಪುಟ, ಲ್ಯಾಟಿನ್ ಭಾಷೆ. ಅವನಿಗೆ ತಲೆಕೆಟ್ಟಿದೆ ಎಂದು ಜನ ಆಡಿಕೊಂಡರು, ರೋಗಿಗಳು ಬರುವುದು ಕಡಿಮೆಯಾಯಿತು. ಪ್ಯಾರಿಸ್ಸಿನ ರಿಯೋಲಾನ್‌ನಂಥ ಘಟಾನುಘಟಿಗಳು ವಿರೋಧಿಸಿದರು. ಅಂತರ್ಯುದ್ಧ ಶುರುವಾದಾಗ ಹಾರ್ವೆ ರಾಜನ ಜೊತೆಗಿದ್ದ. ಇತ್ತ ಸಂಸತ್ತಿನ ಕಡೆಯ ಸೈನಿಕರು ಅವನ ಮನೆಗೆ ನುಗ್ಗಿ ವರ್ಷಗಟ್ಟಲೆ ಬರೆದಿಟ್ಟ ಟಿಪ್ಪಣಿಗಳನ್ನು ಹಾಳುಮಾಡಿದರು. ಕೀಟಗಳ ಬಗ್ಗೆ ಬರೆದದ್ದು ಮತ್ತೆ ಸಿಗಲೇ ಇಲ್ಲ.

ಅವನ ವಾದದಲ್ಲಿ ಒಂದು ಕೊಂಡಿ ತಪ್ಪಿತ್ತು. ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವುದೆಲ್ಲಿ? ಬರಿಗಣ್ಣಿಗೆ ಆ ದಾರಿ ಕಾಣುತ್ತಿರಲಿಲ್ಲ. 1661ರಲ್ಲಿ ಮಾಲ್ಪಿಘಿ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಶ್ವಾಸಕೋಶ ನೋಡಿ ಲೋಮನಾಳಗಳನ್ನು ಕಂಡ. ಹಾರ್ವೆ ತೀರಿಕೊಂಡು ಆಗಲೇ ನಾಲ್ಕು ವರ್ಷವಾಗಿತ್ತು.

ಅವನ ನಂತರ ಗಿಡಗಳಲ್ಲೂ ರಸ ಹೀಗೆಯೇ ಸುತ್ತುತ್ತದೆಂದು ಕೆಲವರು ನಂಬಿದರು. ಸ್ಟೀಫನ್ ಹೇಲ್ಸ್ ಕುಂಡದ ಸೂರ್ಯಕಾಂತಿಯನ್ನು ಬೆಳಿಗ್ಗೆ ಸಂಜೆ ತೂಗಿ, ಎಲೆಗಳು ಎಷ್ಟು ನೀರನ್ನು ಆವಿಯಾಗಿಸುತ್ತವೆಂದು ಅಳೆದ. ಗಿಡದಲ್ಲಿ ನೀರು ಬೇರಿನಿಂದ ಮೇಲೇರಿ ಎಲೆಯಿಂದ ಹೊರಹೋಗುತ್ತದೆ, ರಕ್ತದಂತೆ ಸುತ್ತುವುದಿಲ್ಲ ಎಂದು 1727ರ ತನ್ನ ಪುಸ್ತಕದಲ್ಲಿ ವಾದಿಸಿದ. ಅವನೂ ನೆಚ್ಚಿಕೊಂಡದ್ದು ತಕ್ಕಡಿ ಮತ್ತು ಲೆಕ್ಕವನ್ನೇ.