ಗರ್ಟ್ರೂಡ್ ಜೀಕಲ್ ಮತ್ತು ಗಂಟೆಹೂಗಳು

ಲಂಡನ್ನಿನ ಟೇಟ್ ಕಲಾಸಂಗ್ರಹದಲ್ಲಿ ವಿಲಿಯಂ ನಿಕಲ್ಸನ್ ೧೯೨೦ರಲ್ಲಿ ಬರೆದ ಚಿತ್ರವೊಂದುಂಟು. ಸವೆದು ಹಳತಾದ ಒಂದು ಜೊತೆ ಬೂಟು, ಅದೇ ಆ ಚಿತ್ರದ ವಸ್ತು. ಬೂಟುಗಳ ಒಡತಿಯ ಭಾವಚಿತ್ರವನ್ನು ಬರೆಯಲು ಬಂದವನು ನಿಕಲ್ಸನ್. ಆದರೆ ಬೆಳಕಿರುವವರೆಗೂ ತನ್ನ ಕೆಲಸವನ್ನು ಬಿಟ್ಟುಬರಲು ಒಪ್ಪದ ೭೬ ವರ್ಷದ ಆ ವೃದ್ಧೆಗಾಗಿ ಕಾಯುತ್ತ, ಆತ ಆಕೆಯ ಬೂಟುಗಳನ್ನೂ ಚಿತ್ರಿಸಿದನು. ಇಂಗ್ಲೆಂಡಿನ ಹೂದೋಟದ ರೂಪವನ್ನೇ ಮಾರ್ಪಡಿಸಿದ ಗರ್ಟ್ರೂಡ್ ಜೀಕಲ್ ಆಕೆ.

೧೮೪೩ರ ನವೆಂಬರ್ ೨೯ರಂದು ಲಂಡನ್ನಿನಲ್ಲಿ ಜನಿಸಿದ ಜೀಕಲ್ ಎಳವೆಯನ್ನು ಕಳೆದುದು ಸರ್ರೆ ಪ್ರಾಂತದ ಬ್ರಾಮ್ಲಿ ಗ್ರಾಮದಲ್ಲಿ. ೧೮೬೧ರಲ್ಲಿ ಸೌತ್ ಕೆನ್ಸಿಂಗ್ಟನ್ನಿನ ಕಲಾಶಾಲೆಯನ್ನು ಸೇರಿ ಚಿತ್ರಕಲೆಯನ್ನು ಅಭ್ಯಸಿಸಿದಳು. ಟರ್ನರನ ಚಿತ್ರಗಳನ್ನು ಪ್ರತಿಮಾಡುತ್ತ ಬಣ್ಣ ಬಣ್ಣಗಳ ನಂಟನ್ನು ಅರಿತಳು. ಕಸೂತಿ, ಬೆಳ್ಳಿಕೆಲಸ, ಮರದ ಕೆತ್ತನೆ ಇವೆಲ್ಲ ಆಕೆಯ ಕೈಗೆ ಒಲಿದಿದ್ದುವು. ಒಲಿಯದಿದ್ದುದು ಕಣ್ಣೊಂದೇ. ಸಮೀಪದೃಷ್ಟಿಯ ದೋಷ ವರ್ಷದಿಂದ ವರ್ಷಕ್ಕೆ ಬಲಿಯಿತು. ೧೮೯೧ರಲ್ಲಿ ಜರ್ಮನಿಯ ವೀಸ್‌ಬಾಡೆನ್ನಿನ ನೇತ್ರತಜ್ಞನು ಆಕೆಯನ್ನು ಪರೀಕ್ಷಿಸಿ, ಉಳಿದ ದೃಷ್ಟಿಯನ್ನು ಕಾಪಾಡಿಕೊಳ್ಳಬೇಕಾದರೆ ಚಿತ್ರವನ್ನೂ ಕಸೂತಿಯನ್ನೂ ತೊರೆಯಬೇಕೆಂದು ವಿಧಿಸಿದನು. ಆಗ ಆಕೆಗೆ ೪೭ ವರ್ಷ. ಮೂವತ್ತು ವರ್ಷಗಳ ಸಾಧನೆ ಒಂದು ಮಾತಿನಿಂದ ಕೈಜಾರಿತು.

ಉಳಿದುದು ಮಣ್ಣು. ಮನ್‌ಸ್ಟೆಡ್ ಎಂಬಲ್ಲಿ ಆಕೆ ಈ ಮೊದಲೇ ಸುಮಾರು ೧೫ ಎಕರೆ ನೆಲವನ್ನು ಕೊಂಡಿದ್ದಳು. ಮರಳುಮಿಶ್ರಿತವಾದ, ಸಾರಹೀನವಾದ ನೆಲ ಅದು. ಆ ಕಾಲದ ಸಿರಿವಂತರ ತೋಟಗಳಲ್ಲಿ ಗಾಜಿನಮನೆಯಲ್ಲಿ ಬೆಳೆಸಿದ ಜೆರೇನಿಯಂ, ಲೊಬೀಲಿಯಗಳನ್ನು ಬೇಸಗೆಗೆ ಜಮಖಾನೆಯಂತೆ ಹಾಸಿ, ಹಿಮ ಬಿದ್ದೊಡನೆ ಕಿತ್ತೆಸೆಯುವುದೇ ರೂಢಿಯಾಗಿತ್ತು. ಇದನ್ನು ವಿಲಿಯಂ ರಾಬಿನ್ಸನ್ ಕಟುವಾಗಿ ವಿರೋಧಿಸಿದ್ದನು. ಜೀಕಲ್ ಆತನ ಪಕ್ಷದವಳೇ. ಆದರೂ ತಪ್ಪು ಗಿಡದ್ದಲ್ಲ, ಅದನ್ನು ನೆಟ್ಟ ಬಗೆಯದು ಎಂಬುದು ಆಕೆಯ ನಿಲುವು. ೨೦೦ ಅಡಿ ಉದ್ದದ, ೧೪ ಅಡಿ ಅಗಲದ ನೀಳವಾದ ಪಾತಿಯಲ್ಲಿ ಬಹುವಾರ್ಷಿಕ ಸಸ್ಯಗಳಿಗೆ ಮುಖ್ಯಸ್ಥಾನವಿತ್ತು, ಜೆರೇನಿಯಮ್ಮಿಗೂ ಎಡೆಕೊಟ್ಟಳು. ಎರಡು ತುದಿಗಳಲ್ಲಿ ಬೂದುಬಣ್ಣದ ಎಲೆಗಳೊಡನೆ ತಂಪಾದ ವರ್ಣಗಳು. ನಡುವಿಗೆ ಸಾಗಿದಂತೆ ಹಳದಿ, ಕಿತ್ತಳೆ, ಉರಿಗೆಂಪು. ದೂರದ ಅಂಚುಗಳು ಮಸುಕಾಗುವ ಕಣ್ಣಿಗೆ ಬಿಡಿಹೂವಿಗಿಂತ ಬಣ್ಣದ ರಾಶಿಯೇ ಮೊದಲು ಗೋಚರಿಸುತ್ತದೆ. ಕುಂಚ ಬಿಟ್ಟವಳು ರಾಶಿಗಳಿಂದಲೇ ಚಿತ್ರ ಬರೆದಳು.

ಈ ಬಗೆಯ ತೋಟಕ್ಕೆ ಗಂಟೆಹೂವು ಹೇಳಿಮಾಡಿಸಿದಂತಹುದು. ಕಂಪಾನುಲ ಎಂಬ ಅದರ ಲ್ಯಾಟಿನ್ ಹೆಸರಿಗೂ ಪುಟ್ಟ ಗಂಟೆಯೆಂದೇ ಅರ್ಥ. ಪೀಚ್ ಎಲೆಯನ್ನು ಹೋಲುವ ಎಲೆಗಳದು ಒಂದು ಜಾತಿ. ಕಾಕಸಸ್ ಸೀಮೆಯಿಂದ ಬಂದು ನಾಲ್ಕೈದು ಅಡಿ ಎತ್ತರ ಬೆಳೆಯುವ ತಿಳಿನೀಲಿಯದು ಮತ್ತೊಂದು. ಬ್ರಿಟನ್ನಿನ ಕಾಡುಗಳ ನೆರಳಿನಲ್ಲೇ ಹುಟ್ಟುವ ಅಗಲ ಎಲೆಯದು ಇನ್ನೊಂದು. ಒಂಟಿಯಾಗಿ ನಿಂತರೆ ಸೌಮ್ಯ, ಗುಂಪಾಗಿ ನಿಂತರೆ ನೀಲಿಯ ಹೊಗೆ. ಬಾಡಿದ ಹೂಗಳನ್ನು ಚಿವುಟಿದರೆ ಮತ್ತಷ್ಟು ಹೂ ಬರುತ್ತವೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಬುಡವನ್ನು ಅಗೆದು, ಸೀಳಿ, ಮರಳಿ ನೆಟ್ಟರೆ ಗಿಡಕ್ಕೆ ಹೊಸ ಹರೆಯ. ಚಳಿಗಾಲದಲ್ಲಿ ಮೇಲಿನದೆಲ್ಲ ಸತ್ತರೂ ಬೇರು ಬದುಕಿರುತ್ತದೆ. ಗೋಪುರದಂತೆ ಏಳುವ ಗಂಟೆಹೂವಿನ ನೀಲಿ, ಬಿಳಿ ಬಗೆಗಳನ್ನು ಜೀಕಲ್ ಕುಂಡಗಳಲ್ಲಿ ಬೆಳೆಸುತ್ತಿದ್ದಳು. ತೋಟದಲ್ಲಿ ಹೂ ಮುಗಿದು ತೆರವಾದ ಎಡೆಗೆ ಕುಂಡದ ಗಿಡಗಳನ್ನು ತಂದು ತುಂಬುವುದು ಆಕೆಯ ಪದ್ಧತಿ.

೧೮೮೯ರಲ್ಲಿ ಆಕೆಗೆ ತರುಣ ವಾಸ್ತುಶಿಲ್ಪಿ ಎಡ್ವಿನ್ ಲಟ್ಯನ್ಸನ ಪರಿಚಯವಾಯಿತು. ಮುಂದೆ ಹೊಸದೆಹಲಿಯ ನಿರ್ಮಾಣಕ್ಕೆ ಹೆಸರಾದ ಆತನೇ ಮನ್‌ಸ್ಟೆಡ್ಡಿನಲ್ಲಿ ಆಕೆಯ ಮನೆಯನ್ನು ಕಟ್ಟಿದನು. ಇಬ್ಬರೂ ಕೂಡಿ ಹಲವಾರು ತೋಟಗಳನ್ನು ರಚಿಸಿದರು. ಒಟ್ಟಿನಲ್ಲಿ ಜೀಕಲ್ ಯೋಜಿಸಿದ ತೋಟಗಳು ಸುಮಾರು ೪೦೦. ಮೊದಲನೆಯ ಮಹಾಯುದ್ಧದಲ್ಲಿ ಮಡಿದವರ ಫ್ರಾನ್ಸಿನ ಕೆಲವು ಸಮಾಧಿಭೂಮಿಗಳಿಗೂ ಯಾವ ಗಿಡವನ್ನು ಎಲ್ಲಿ ನೆಡಬೇಕೆಂಬ ನಕ್ಷೆಯನ್ನು ಆಕೆ ಬರೆದುಕೊಟ್ಟಳು. ೧೯೩೨ರ ಡಿಸೆಂಬರ್ ೮ರಂದು ತೀರಿಕೊಂಡಳು.

ಆ ತೋಟಗಳಲ್ಲಿ ಹೆಚ್ಚಿನವು ಇಂದು ಇಲ್ಲ. ಬಹುವಾರ್ಷಿಕವೆಂಬ ಹೆಸರು ನಮ್ಮನ್ನು ಮೋಸಗೊಳಿಸುತ್ತದೆ. ಬುಡ ಸೀಳುವ, ಕಳೆ ಕೀಳುವ ಕೈ ಹಿಂದೆ ಸರಿದರೆ ಬಲವುಳ್ಳ ಗಿಡ ದುರ್ಬಲವಾದುದನ್ನು ನುಂಗುತ್ತದೆ. ಕೆಲವೇ ವರ್ಷಗಳಲ್ಲಿ ಪಾತಿ ಪೊದೆಯಾಗುತ್ತದೆ. ಆದರೆ ಆಕೆಯ ನಕ್ಷೆಗಳು ಉಳಿದುವು. ಬಹುಪಾಲು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾನಿಲಯವನ್ನು ಸೇರಿದುವು. ಸಾಮರ್ಸೆಟ್ಟಿನ ಹೆಸ್ಟರ್‌ಕೂಂಬ್ ತೋಟವನ್ನು ೧೯೭೦ರ ದಶಕದಲ್ಲಿ ಆಕೆಯ ನಕ್ಷೆಗಳನ್ನು ನೋಡಿಯೇ ಮರಳಿ ನೆಟ್ಟರು. ಮನ್‌ಸ್ಟೆಡ್ಡಿನ ತೋಟವನ್ನು ೨೦೨೩ರಲ್ಲಿ ನ್ಯಾಷನಲ್ ಟ್ರಸ್ಟ್ ಕೊಂಡಿತು. ಕಣ್ಣು ಕೈಕೊಟ್ಟವಳು ಕಾಗದದ ಮೇಲೆ ಗುರುತಿಸಿಟ್ಟ ಎಡೆಗಳಲ್ಲಿ, ಆಕೆಯನ್ನು ಎಂದೂ ಕಾಣದವರು ಮಂಡಿಯೂರಿ ಗಿಡ ನೆಡುತ್ತಿದ್ದಾರೆ.