ವಿದೇಶಿ ಬೂಟು, ಹುದಲಿಯ ನೂಲು

ಮಗ ಮೂಡಲಗಿಯ ಕ್ರೀಡಾಕೂಟಕ್ಕೆ ಓಡ್ತಾನೆ. ನೈಕಿ ಇಲ್ಲವೇ ಆಡಿದಾಸ್ ಬೂಟೇ ಬೇಕಂತ ಹಟ. ಏಳೆಂಟು ಸಾವಿರ ರೂಪಾಯಿ ಅಂದರೆ ನಮ್ಮ ಗೋಕಾಕ ಕಡೆ ಕಬ್ಬು ಕಡಿಯುವವನ ಹದಿನೈದು ದಿನದ ಕೂಲಿ. ಸ್ವದೇಶಿ ಬಾಟಾ ತಗೋ ಅಂದೆ. ಆಮೇಲೆ ನೆನಪಾಯ್ತು: ಬಾಟಾ ಹುಟ್ಟಿದ್ದು 1894ರಲ್ಲಿ, ಈಗಿನ ಚೆಕ್ ದೇಶದ ಜ್ಲಿನ್ ಊರಲ್ಲಿ. ಬಂಗಾಳದಲ್ಲಿ ಅದರ ಕಾರ್ಖಾನೆ ಎದ್ದದ್ದು 1930ರ ದಶಕದಲ್ಲಿ. ನಮ್ಮದು ಯಾವುದು ಅನ್ನೋದನ್ನ ಹೆಸರು ನೋಡಿ ಹೇಳೋಕಾಗಲ್ಲ ನೋಡ್ರಿ.

ಈ ಪ್ರಶ್ನೆ ಹಿಡಿದು ಬದುಕನ್ನೇ ಸವೆಸಿದವರೊಬ್ಬರು ನಮ್ಮ ಮಗ್ಗುಲಲ್ಲೇ ಇದ್ದರು. ಗಂಗಾಧರರಾವ್ ದೇಶಪಾಂಡೆ, ಹುಟ್ಟಿದ್ದು 1871ರಲ್ಲಿ. ಊರು ಹುದಲಿ. ಅದು ಬೆಳಗಾವಿ ತಾಲೂಕಿನದಾದರೂ ಹುಕ್ಕೇರಿ, ಗೋಕಾಕದವರಿಗೆ ನೆರೆಯೂರೇ. ಇನಾಮದಾರರ ಮನೆತನ. ಕೈಗೆ ನೂಲು ಅಂಟಿಸಿಕೊಳ್ಳುವ ದರ್ದು ಅವರಿಗಿರಲಿಲ್ಲ. ಮೊದಲು ತಿಲಕರ ಹಿಂಬಾಲಕ. 1905ರ ಬಂಗಾಳ ವಿಭಜನೆಯ ನಂತರ ಎದ್ದ ವಿದೇಶಿ ಬಟ್ಟೆ ಬಹಿಷ್ಕಾರದ ಕಾಲದಲ್ಲಿ ಬೆಳೆದ ರಾಜಕಾರಣಿ. ಮುಂದೆ ಗಾಂಧಿಯವರ ದಾರಿ ಹಿಡಿದು ಕರ್ನಾಟಕ ಪ್ರದೇಶ ಕಾಂಗ್ರೆಸ್ಸಿನ ಮೊದಲ ಅಧ್ಯಕ್ಷರಾದರು. ಜನ ಕರ್ನಾಟಕ ಕೇಸರಿ ಅಂದರು. ಖಾದಿ ಭಗೀರಥ ಅಂತಲೂ ಕರೆದರು. ನನಗೆ ಎರಡನೆಯ ಹೆಸರೇ ಹೆಚ್ಚು ಸರಿ ಅನಿಸುತ್ತೆ.

1924ರ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ ನಡೆಯಿತು. ಗಾಂಧಿ ಅಧ್ಯಕ್ಷರು, ಸ್ವಾಗತದ ಹೊಣೆ ಗಂಗಾಧರರಾಯರದು. ಅಲ್ಲೊಂದು ವಿಚಿತ್ರ ನಿಯಮ ಗಟ್ಟಿಯಾಯಿತು: ಕಾಂಗ್ರೆಸ್ ಸದಸ್ಯನಾಗಬೇಕೆಂದರೆ ತಿಂಗಳಿಗೆ 2,000 ಗಜ ಕೈನೂಲು ಕೊಡಬೇಕು. ನೂಲಲು ಮನಸ್ಸಿಲ್ಲದವರು ಬೇರೆಯವರು ನೂತದ್ದನ್ನು ತಂದುಕೊಟ್ಟರೂ ನಡೆಯುತ್ತಿತ್ತು. ಅಂದರೆ ಉಳ್ಳವರು ನೂಲನ್ನೂ ಕೊಂಡುಕೊಳ್ಳಬಹುದು! ಹೀಗಾಗಿ ಅದು ಬಹಳ ದಿನ ಬಾಳಲಿಲ್ಲ. ಮರುವರ್ಷವೇ ನೂಲಿನ ಬದಲು ನಾಲ್ಕಾಣೆ ಕೊಡಬಹುದು ಅಂತಾಯಿತು. ದೇಶಪ್ರೇಮದ ಮಾತಿಗೂ ಕೊಳ್ಳುವವನ ಕೈಗೂ ನಡುವಿನ ಅಂತರ ಆಗಲೇ ಕಂಡಿತ್ತು.

ಕಷ್ಟ ಇನ್ನೊಂದಿತ್ತು. ಗೋಕಾಕ ಫಾಲ್ಸಿನಲ್ಲಿ 1887ರಿಂದಲೇ ಘಟಪ್ರಭೆಯ ನೀರಿನ ಬಲದಿಂದ ನೂಲಿನ ಗಿರಣಿ ಓಡುತ್ತಿತ್ತು. ಹತ್ತಿ ಈ ನಾಡಿನದು, ದುಡಿಯುವವರು ಸುತ್ತಲಿನ ಹಳ್ಳಿಯವರು, ಆಡಳಿತ ಮಾತ್ರ ಇಂಗ್ಲಿಷರ ಕಂಪನಿಯದು. ಹಾಗಾದರೆ ಆ ನೂಲು ಸ್ವದೇಶಿಯೋ ವಿದೇಶಿಯೋ? ಕೈನೂಲು ದೊರಗು, ಬೆಲೆಯೂ ಹೆಚ್ಚು. ಗಿರಣಿ ನೂಲು ಅಗ್ಗ, ನೂರಾರು ಮನೆಗೆ ಸಂಬಳ. ಗಂಗಾಧರರಾಯರ ಕಡೆಯವರು ದೊಡ್ಡ ಗಿರಣಿಗಿಂತ ಹಳ್ಳಿ ಹೆಣ್ಣುಮಕ್ಕಳ ಕೈಯನ್ನು ಆರಿಸಿದರು. ಬೇಸಾಯ ಇಲ್ಲದ ತಿಂಗಳುಗಳಲ್ಲಿ ಮನೆಯಲ್ಲೇ ಕೂತು ನಾಲ್ಕು ಕಾಸು ಕಾಣುವ ದಾರಿ ಅದು. ಬಡವ ಕೊಳ್ಳಲಾಗದ ಬಟ್ಟೆಯನ್ನು ಬಡವಳಿಂದ ನೂಲಿಸುವುದು ಎಂಥ ಲೆಕ್ಕ ಅಂತ ನನಗೆ ಈಗಲೂ ಅನುಮಾನ ಇದೆ. ಆದರೆ ಕೊಳ್ಳುವಾಗ ಲಾಭ ಯಾರ ಕೈಗೆ ಹೋಗುತ್ತೆ ಅಂತ ಕೇಳುವ ಅಭ್ಯಾಸವನ್ನು ಈ ಭಾಗಕ್ಕೆ ಹಚ್ಚಿದವರು ಅವರೇ.

ಉಪ್ಪಿನ ಸತ್ಯಾಗ್ರಹದಲ್ಲಿ ಜೈಲು ಕಂಡರು. 1937ರ ಏಪ್ರಿಲಿನಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನ ಹುದಲಿಯಲ್ಲೇ ಆಯಿತು; ಗಾಂಧಿ ಬಂದು ಕೆಲವು ದಿನ ಉಳಿದರು. ಬಿರುಬೇಸಿಗೆಯಲ್ಲಿ ಅಷ್ಟು ಮಂದಿ ಒಂದು ಹಳ್ಳಿಗೆ ಬಂದಿಳಿದದ್ದನ್ನು ಊಹಿಸಿಕೊಳ್ಳಿ, ಊಟ ನೀರಿನ ವ್ಯವಸ್ಥೆಗೇ ಎದೆಗಾರಿಕೆ ಬೇಕು. ಸ್ವಾತಂತ್ರ್ಯ ಬಂದ ಮೇಲೆ ಗಂಗಾಧರರಾಯರು ಅಧಿಕಾರದ ಹಿಂದೆ ಬೀಳಲಿಲ್ಲ. 1960ರ ಜುಲೈ 30ರಂದು ತೀರಿಕೊಂಡರು. ಹುದಲಿಯ ಖಾದಿ ಕೆಲಸ ಅವರ ನಂತರವೂ ನಡೆಯಿತು.

2021ರ ಕೊನೆಯಲ್ಲಿ ರಾಷ್ಟ್ರಧ್ವಜವನ್ನೂ ಪಾಲಿಯೆಸ್ಟರಿನಲ್ಲಿ, ಯಂತ್ರದಲ್ಲಿ ಮಾಡಬಹುದು ಅಂತ ಸಂಹಿತೆ ಬದಲಾಯಿತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಬಾವುಟ ಹೊಲಿಯುವ ಹೆಣ್ಣುಮಕ್ಕಳಿಗೆ ಅದರ ಬಿಸಿ ತಟ್ಟಿತು. ಆಗ ಸ್ವದೇಶಿ ಅಂತ ಭಾಷಣ ಬಿಗಿಯುವವರಲ್ಲಿ ಎಷ್ಟು ಜನ ದನಿ ಎತ್ತಿದರು?

ಮೊನ್ನೆ ಅಂಗಡಿಯಲ್ಲಿ ಮಗನ ಬೂಟಿನ ನಾಲಿಗೆ ತಿರುಗಿಸಿ ನೋಡಿದೆ. ಅಮೆರಿಕದ ಹೆಸರು, ವಿಯೆಟ್ನಾಂನಲ್ಲಿ ತಯಾರಿ. ಪಕ್ಕದಲ್ಲಿದ್ದ ದೇಸಿ ಕಂಪನಿಯ ಬೂಟಿನ ಚೀಟಿಯಲ್ಲಿ ಭಾರತ ಅಂತಿತ್ತು. ಹೊಲಿದವರಿಗೆ ಎಷ್ಟು ಸಿಕ್ಕಿತು ಅಂತ ಎರಡರಲ್ಲೂ ಬರೆದಿರಲಿಲ್ಲ. ಅಂಗಡಿಯವನನ್ನು ಕೇಳಿದರೆ, ಸೈಜು ಎಷ್ಟು ಹೇಳ್ರಿ ಸರ ಅಂದ. ಮಗ ಎರಡನ್ನೂ ಹಾಕಿಕೊಂಡು ಅಂಗಡಿಯೊಳಗೇ ಕುಣಿದು ನೋಡಿದ. ದೇಸಿ ಬೂಟು ಹಿಮ್ಮಡಿಗೆ ಕಚ್ಚುತ್ತಂತೆ. ಒಂದು ನಂಬರು ದೊಡ್ಡದು ತರಿಸ್ತೀನಿ, ಸೋಮವಾರ ಬರ್ರಿ ಅಂದಿದ್ದಾನೆ ಅಂಗಡಿಯವ.