ಅಣುವಿನ ಆಕಾರವನ್ನು ಅರಸಿದ ವೈದ್ಯ

ನವಲಗುಂದ, ಅಣ್ಣಿಗೇರಿಗಳ ಹೊಲಗಳಲ್ಲಿ ಕಾಂಗ್ರೆಸ್ ಕಸವನ್ನು ಕಿತ್ತವರ ಮುಖ, ಕುತ್ತಿಗೆ, ಕೈಗಳು ಕೆಂಪೇರಿ ತುರಿಸುವುದನ್ನು ನಾವೆಲ್ಲ ಕಂಡಿದ್ದೇವೆ. ಹಲವು ವರ್ಷ ಏನೂ ಆಗದವರಿಗೂ ಒಂದು ದಿನ ಹಠಾತ್ತನೆ ಅದು ಕಾಣಿಸಿಕೊಳ್ಳುತ್ತದೆ. ಇದೇಕೆಂದು ತಿಳಿಯುವ ದಾರಿಯನ್ನು ತೆರೆದವರು ಕಾರ್ಲ್ ಲ್ಯಾಂಡ್‌ಸ್ಟೈನರ್. 1901ರಲ್ಲಿ ರಕ್ತದ ಗುಂಪುಗಳನ್ನು ತಿಳಿಸಿ, 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದವರೆಂದು ನಮ್ಮ ಶಾಲಾಮಕ್ಕಳೂ ಅವರನ್ನು ಬಲ್ಲರು. ನಾವಿಲ್ಲಿ ಹೇಳಬಯಸುವುದು ಅವರ ಬೇರೊಂದು ಸಾಧನೆಯನ್ನು.

ವಿಯೆನ್ನಾ ಸಮೀಪದ ಬಾಡೆನ್‌ನಲ್ಲಿ 1868ರ ಜೂನ್ 14ರಂದು ಯೆಹೂದ್ಯ ಮನೆತನದಲ್ಲಿ ಜನನ. ಪತ್ರಕರ್ತರಾಗಿದ್ದ ತಂದೆ ಬಾಲ್ಯದಲ್ಲೇ ತೀರಿಹೋದರು. ಸಾಕಿ ಸಲಹಿದವರು ತಾಯಿ. 1890ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದ ಅವರು, ಮರುವರ್ಷ ವೈದ್ಯ ಪದವಿ ಪಡೆದರು. ವೈದ್ಯರಾದ ಮೇಲೂ ಎಮಿಲ್ ಫಿಶರ್ ಅವರಂತಹ ರಸಾಯನಶಾಸ್ತ್ರಜ್ಞರ ಬಳಿ ಶಿಷ್ಯರಾಗಿ ಕುಳಿತದ್ದು ಅವರ ಬಾಳಿನ ದೊಡ್ಡ ನಿರ್ಧಾರವೆಂದು ನಮ್ಮ ಎಣಿಕೆ. ಮಹಾಯುದ್ಧಾನಂತರದ ಬಡತನದಿಂದಾಗಿ 1919ರಲ್ಲಿ ಸ್ವದೇಶ ತೊರೆದು, ಹಾಲೆಂಡಿನ ಹೇಗ್ ನಗರದ ಸಣ್ಣ ಕಥೋಲಿಕ ಆಸ್ಪತ್ರೆಯೊಂದರಲ್ಲಿ ದುಡಿದರು. ಬಳಿಕ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಗೆ ತೆರಳಿದರು.

ಅಲ್ಲಿ ಅವರು ಕೈಗೆತ್ತಿಕೊಂಡ ವಸ್ತು ನಮ್ಮ ಹುಣಸೆಹಣ್ಣಿನಲ್ಲಿರುವ ಟಾರ್ಟಾರಿಕ್ ಆಮ್ಲ. ಅದರ ಅಣುವಿಗೆ ಎಡ, ಬಲ ಎಂಬ ಎರಡು ರೂಪಗಳುಂಟು. ಪರಮಾಣುಗಳು ಅವೇ, ಸಂಖ್ಯೆಯೂ ಅಷ್ಟೇ. ಜೋಡಣೆ ಮಾತ್ರ ಎಡಗಾಲಿನ ಮತ್ತು ಬಲಗಾಲಿನ ಪಾದರಕ್ಷೆಗಳಂತೆ ಬೇರೆ. ಇಷ್ಟು ಚಿಕ್ಕ ಅಣು ತಾನೊಂದೇ ದೇಹವನ್ನು ಎಚ್ಚರಿಸಲಾರದು. ಆದುದರಿಂದ ಅದನ್ನು ಪ್ರೋಟೀನಿಗೆ ಬೆಸೆದು ಮೊಲಗಳಿಗೆ ಚುಚ್ಚಿದರು. ಮೊಲದ ರಕ್ತದಲ್ಲಿ ಹುಟ್ಟಿದ ಪ್ರತಿಕಾಯಗಳು ಎಡವನ್ನೂ ಬಲವನ್ನೂ ಬೇರೆಬೇರೆಯಾಗಿ ಗುರುತಿಸಿದವು! 1928-29ರಲ್ಲಿ ಪ್ರಕಟವಾದ ಈ ಪ್ರಯೋಗಗಳು, ದೇಹವು ಅಣುವಿನ ಆಕಾರವನ್ನೇ ಗುರುತಿಸುತ್ತದೆಂದು ತೋರಿದವು. ಪದಾರ್ಥ ಒಂದೇ, ರೂಪ ಬೇರೆ ಎಂಬ ಮಾತನ್ನು ತತ್ತ್ವಶಾಸ್ತ್ರದ ತರಗತಿಯಲ್ಲಿ ಓದಿದ ನಮಗೆ ಇದು ವಿಶೇಷ ಬೆರಗು.

1942ರಲ್ಲಿ ಮೆರಿಲ್ ಚೇಸ್ ಅವರೊಡನೆ ಇನ್ನೊಂದು ಹೆಜ್ಜೆ. ರಾಸಾಯನಿಕವೊಂದರಿಂದ ಚರ್ಮದ ಅಲರ್ಜಿ ಬಂದ ಗಿನಿಯಿಲಿಯ ಬಿಳಿಕಣಗಳನ್ನು ಆರೋಗ್ಯವಂತ ಇಲಿಗೆ ಹಾಕಿದಾಗ, ಅದಕ್ಕೂ ಆ ಅಲರ್ಜಿ ತಗಲಿತು. ಹಾಗಾದರೆ ಇದು ಜೀವಕೋಶಗಳದ್ದೇ ಕೆಲಸ. ಕಾಂಗ್ರೆಸ್ ಕಸದ ಪಾರ್ಥೆನಿನ್ ಅಣುವೂ ಹೀಗೆಯೇ ಚರ್ಮದ ಪ್ರೋಟೀನಿಗೆ ಅಂಟುತ್ತದೆ. ಆ ಆಕಾರಕ್ಕೆ ಹೊಂದುವ ಬಿಳಿಕಣಗಳು ಮೊದಲು ಎಚ್ಚತ್ತು ಬಹುಸಂಖ್ಯೆಯಾಗಬೇಕು, ತುರಿಕೆ ಆಮೇಲೆ. ಪಾರ್ಥೆನಿನ್‌ಗೂ ಹೈಮೆನಿನ್ ಎಂಬ ಜೋಡಿರೂಪವುಂಟು. ಕಸದಿಂದ ಬಾಧಿತರಾದವರಲ್ಲಿ ಇವೆರಡರ ವರ್ತನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಬ್ಬರಾವ್ ಮತ್ತು ಸಂಗಡಿಗರು ಪರೀಕ್ಷಿಸಿ 1978ರಲ್ಲಿ ಪ್ರಕಟಿಸಿದರು.

ಅದನ್ನು ಕಾಣಲು ಲ್ಯಾಂಡ್‌ಸ್ಟೈನರ್ ಇರಲಿಲ್ಲ. 1943ರ ಜೂನ್‌ನಲ್ಲಿ ಪ್ರಯೋಗಾಲಯದಲ್ಲಿ ಕೆಲಸದಲ್ಲಿದ್ದಾಗಲೇ ಹೃದಯಾಘಾತವಾಗಿ, 26ರಂದು ನಿಧನರಾದರು.